ಬೆಟ್ಟ ಹತ್ತಿದ ಒಂಟೆಯ ನೆಂಟರು

ಎಲ್ಲರಿಗೂ ನಮಸ್ಕಾರ.

ಒಂಟೆ ಅಂದ ಕೂಡಲೇ ನಮಗೆ ಮರಳುಗಾಡು ನೆನಪಾಗುತ್ತದೆ, ಅಲ್ವಾ? ಆದರೆ ಒಂಟೆಯ ವಂಶ ಹುಟ್ಟಿದ್ದು ಉತ್ತರ ಅಮೆರಿಕದಲ್ಲಿ, ನಾಲ್ಕು ಕೋಟಿ ವರ್ಷಗಳಿಗೂ ಹಿಂದೆ. ಅದರ ಒಂದು ಕವಲು ಏಷ್ಯಾಕ್ಕೆ ಬಂತು. ಇನ್ನೊಂದು ಕವಲು ಸುಮಾರು 30 ಲಕ್ಷ ವರ್ಷಗಳ ಹಿಂದೆ ದಕ್ಷಿಣ ಅಮೆರಿಕಕ್ಕೆ ಇಳಿದು ಆಂಡಿಸ್ ಬೆಟ್ಟ ಹತ್ತಿತು. ತವರಿನಲ್ಲಿ ಮಾತ್ರ ವಂಶ ಅಳಿದುಹೋಯಿತು.

ದಕ್ಷಿಣ ಅಮೆರಿಕದಲ್ಲಿ ಇವತ್ತು ಈ ನೆಂಟರು ನಾಲ್ಕು ಬಗೆ. ಗ್ವಾನಾಕೊ ಮತ್ತು ವಿಕುನ್ಯಾ ಕಾಡುಪ್ರಾಣಿಗಳು. ಲಾಮಾ ಮತ್ತು ಅಲ್ಪಾಕಾ ಸಾಕುಪ್ರಾಣಿಗಳು. ಅಲ್ಪಾಕಾದ ಮೂಲ ವಿಕುನ್ಯಾ ಎಂದು 2001ರಲ್ಲಿ ಡಿಎನ್‌ಎ ಪರೀಕ್ಷೆ ತೋರಿಸಿತು. ನಾನು ಇವತ್ತು ಹೇಳಬೇಕೆಂದಿರುವುದು ಈ ವಿಕುನ್ಯಾದ ಕಥೆ.

ಜಿಂಕೆಯಂಥ ಸಪೂರ ಮೈ, ಉದ್ದ ಕತ್ತು, ಜೇನಿನ ಬಣ್ಣ, ಎದೆಯ ಮೇಲೆ ಬಿಳಿ ಜೂಲು. ತೂಕ 40–50 ಕಿಲೋ ಇರಬಹುದು. ಪೆರು, ಬೊಲಿವಿಯಾ, ಚಿಲಿ, ಅರ್ಜೆಂಟೀನಾಗಳಲ್ಲಿ 3,200 ಮೀಟರ್‌ಗಿಂತ ಮೇಲಿನ ಬಯಲುಗಳಲ್ಲಿ ಬದುಕುತ್ತದೆ. ಅಲ್ಲಿ ಗಾಳಿ ತೆಳು. ಹಗಲು ಬಿಸಿಲು ಸುಡುತ್ತದೆ, ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ಆದರೆ ಅದರ ರಕ್ತ ತೆಳು ಗಾಳಿಯಿಂದಲೂ ಆಮ್ಲಜನಕವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಗಡಸು ಹುಲ್ಲು ತಿಂದು ಸವೆಯುವ ಮುಂದಿನ ಹಲ್ಲುಗಳು ಇಲಿಯ ಹಲ್ಲಿನಂತೆ ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ. ಒಂದು ವಿಷಯದಲ್ಲಿ ಮಾತ್ರ ಒಂಟೆಯ ಗುಣ ಬಂದಿಲ್ಲ. ವಿಕುನ್ಯಾಕ್ಕೆ ದಿನವೂ ನೀರು ಬೇಕು.

ಆ ಚಳಿಯನ್ನು ತಡೆಯುವುದು ಅದರ ಉಣ್ಣೆ. ಎಳೆಯ ದಪ್ಪ ಸುಮಾರು 12–13 ಮೈಕ್ರಾನ್, ಅಂದರೆ ನಮ್ಮ ತಲೆಕೂದಲಿನ ಐದನೇ ಒಂದು ಪಾಲಿನಷ್ಟು. ಒಳ್ಳೆಯ ಮೆರಿನೋ ಕುರಿಯ ಉಣ್ಣೆಯೇ 17–18 ಮೈಕ್ರಾನ್ ಇರುತ್ತದೆ. ಆದರೆ ಈ ಉಣ್ಣೆ ಬೆಳೆಯುವುದು ಬಹಳ ನಿಧಾನ. ಎರಡು ವರ್ಷಕ್ಕೊಮ್ಮೆ ಕತ್ತರಿಸಿದರೆ ಒಂದು ಪ್ರಾಣಿಯಿಂದ ಸಿಗುವುದು 200 ಗ್ರಾಂ ಆಸುಪಾಸು. ಒಂದು ಕೋಟು ಹೊಲಿಯಲು ಇಪ್ಪತ್ತೈದು, ಮೂವತ್ತು ಪ್ರಾಣಿಗಳ ಉಣ್ಣೆ ಬೇಕಾಗುತ್ತದೆ.

ಈ ಉಣ್ಣೆಯ ಬೆಲೆ ಹಿಂದೆ ಆಂಡಿಸ್ ಸೀಮೆಯನ್ನು ಆಳಿದ ಇಂಕಾ ದೊರೆಗಳಿಗೆ ಗೊತ್ತಿತ್ತು. ಅದರ ಬಟ್ಟೆ ಅರಮನೆಗೆ ಮೀಸಲಾಗಿತ್ತು. ಉಣ್ಣೆಗಾಗಿ ಅವರು ನಡೆಸುತ್ತಿದ್ದ ಕೂಟಕ್ಕೆ ಕೆಚುವಾ ಭಾಷೆಯಲ್ಲಿ ಚಕ್ಕು ಎನ್ನುತ್ತಾರೆ. ಸಾವಿರಾರು ಜನ ಬೆಟ್ಟಗಳನ್ನು ಸುತ್ತುವರಿದು, ವೃತ್ತವನ್ನು ಕಿರಿದು ಮಾಡುತ್ತಾ ಪ್ರಾಣಿಗಳನ್ನು ಒಂದೆಡೆ ಕೂಡಿಹಾಕುತ್ತಿದ್ದರು. ವಿಕುನ್ಯಾಗಳ ಉಣ್ಣೆ ಕತ್ತರಿಸಿ ಬಿಟ್ಟುಬಿಡುತ್ತಿದ್ದರು. ಒಂದು ಸೀಮೆಯಲ್ಲಿ ಚಕ್ಕು ನಡೆದರೆ ಅಲ್ಲಿ ಮತ್ತೆ ನಡೆಯುವುದು ನಾಲ್ಕು ವರ್ಷದ ಮೇಲೆಯೇ ಎಂದು ಆ ಕಾಲದ ಬರಹಗಳು ಹೇಳುತ್ತವೆ. ಎಷ್ಟು ಪ್ರಾಣಿ ಸಿಕ್ಕಿತು, ಗಂಡೆಷ್ಟು, ಹೆಣ್ಣೆಷ್ಟು ಎಂಬ ಲೆಕ್ಕವನ್ನು ಹಗ್ಗದ ಗಂಟುಗಳಲ್ಲಿ ಇಡುತ್ತಿದ್ದರಂತೆ. ಈ ಶಿಸ್ತಿನ ಬಗ್ಗೆ ಓದಿದಾಗಲೆಲ್ಲ ನನಗೆ ಬಹಳ ಗೌರವ ಬರುತ್ತದೆ.

1532ರಲ್ಲಿ ಸ್ಪೇನಿನವರು ಬಂದರು, ಜೊತೆಗೆ ಬಂದೂಕು ಬಂತು. ಹಿಡಿದು ಕತ್ತರಿಸುವುದಕ್ಕಿಂತ ಗುಂಡು ಹೊಡೆದು ಚರ್ಮ ಸುಲಿಯುವುದು ಸುಲಭವಾಯಿತು. 1825ರಲ್ಲಿ, ಸ್ಪೇನಿನ ಆಳ್ವಿಕೆಯಿಂದ ಬಿಡುಗಡೆ ತಂದ ನಾಯಕ ಸಿಮೋನ್ ಬೊಲಿವಾರ್ ವಿಕುನ್ಯಾ ಕೊಲ್ಲಬಾರದೆಂದು ಆಜ್ಞೆ ಹೊರಡಿಸಿದ. ಆಜ್ಞೆ ಕಾಗದದಲ್ಲೇ ಉಳಿಯಿತು. ಪೆರು ದೇಶದ ಲಾಂಛನದಲ್ಲಿ ಇರುವ ಪ್ರಾಣಿ ಇದು. ಅಂಥದ್ದು ಲಕ್ಷಗಟ್ಟಲೆ ಇದ್ದುದು 1960ರ ದಶಕದ ಹೊತ್ತಿಗೆ ಎಲ್ಲ ದೇಶ ಸೇರಿ ಹತ್ತು ಸಾವಿರದ ಒಳಗೆ ಬಂದುಬಿಟ್ಟಿತ್ತು.

1967ರಲ್ಲಿ ಪೆರುವಿನ ಆಯಾಕುಚೊ ಸೀಮೆಯಲ್ಲಿ ಪಾಂಪಾ ಗಲೇರಾಸ್ ಎಂಬ ರಕ್ಷಿತ ಬಯಲು ಗುರುತಿಸಿದರು. 1969ರಲ್ಲಿ ವಿಕುನ್ಯಾ ಉಳಿಸಲು ಪೆರು, ಬೊಲಿವಿಯಾಗಳ ನಡುವೆ ಲಾ ಪಾಜ್ ಒಪ್ಪಂದ ಆಯಿತು. ವ್ಯಾಪಾರ ನಿಂತಿತು, ಕಾವಲು ಬಂತು, ಸಂಖ್ಯೆ ಏರಿತು. ಆದರೆ 1980ರ ದಶಕದಲ್ಲಿ ಆಯಾಕುಚೊ ಸೀಮೆಯೇ ಶೈನಿಂಗ್ ಪಾಥ್ ಉಗ್ರರ ಹಿಂಸೆಯಲ್ಲಿ ಬೆಂದಿತು. ಕಾವಲಿನವರು ಹೋದರು, ಬೇಟೆಗಾರರು ಬಂದರು.

ಕಾವಲುಗಾರನ ಬಂದೂಕು ಒಂದರಿಂದಲೇ ಕಾಡುಪ್ರಾಣಿ ಉಳಿಯುವುದಿಲ್ಲ ಎಂದು ನಾನು ನಂಬಿರುವುದು ಇದರಿಂದಲೇ. ಅದೇ ಬೆಟ್ಟದಲ್ಲಿ ಕುರಿ, ಅಲ್ಪಾಕಾ ಮೇಯಿಸುವ ಹಳ್ಳಿಯವನಿಗೆ ವಿಕುನ್ಯಾ ಅಂದರೆ ತನ್ನ ಹುಲ್ಲು ತಿನ್ನುವ ಪ್ರಾಣಿ. ಅವನು ಯಾಕೆ ಕಾಯಬೇಕು? 1990ರ ದಶಕದಲ್ಲಿ ಪೆರು ಸರ್ಕಾರ ಇದಕ್ಕೆ ಉತ್ತರ ಕೊಟ್ಟಿತು. ಜೀವಂತ ಪ್ರಾಣಿಯಿಂದ ಕತ್ತರಿಸಿದ ಉಣ್ಣೆಯನ್ನು ಮಾರುವ ಹಕ್ಕನ್ನು ಹಳ್ಳಿಯ ಸಮುದಾಯಗಳಿಗೇ ಕೊಟ್ಟಿತು. ಚಕ್ಕು ಮತ್ತೆ ಶುರುವಾಯಿತು.

ಈಗ ಪಾಂಪಾ ಗಲೇರಾಸ್‌ನಲ್ಲಿ ಜೂನ್ ತಿಂಗಳಲ್ಲಿ ದೊಡ್ಡ ಚಕ್ಕು ನಡೆಯುತ್ತದೆ. ಮೊದಲು ಭೂಮಿತಾಯಿಗೆ, ಅವರ ಮಾತಿನಲ್ಲಿ ಪಚಮಾಮಾಗೆ, ಕೋಕಾ ಎಲೆ ಅರ್ಪಿಸುತ್ತಾರೆ. ನೂರಾರು ಜನ ಉದ್ದನೆಯ ಹಗ್ಗ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಹಗ್ಗದ ತುಂಬ ಬಣ್ಣಬಣ್ಣದ ಪಟ್ಟಿಗಳು. ಅದು ಗಾಳಿಗೆ ಅಲುಗಾಡಿದರೆ ಸಾಕು, ವಿಕುನ್ಯಾ ದಾಟುವುದಿಲ್ಲ. ಹೀಗೆ ನಿಧಾನವಾಗಿ ದೊಡ್ಡಿಗೆ ನಡೆಸುತ್ತಾರೆ. ಬೆನ್ನು, ಪಕ್ಕೆಗಳ ಉಣ್ಣೆ ತೆಗೆಯುತ್ತಾರೆ. ಮರಿಗಳನ್ನು, ಉಣ್ಣೆ ಇನ್ನೂ ಗಿಡ್ಡವಿರುವವನ್ನು ಹಾಗೇ ಬಿಡುತ್ತಾರೆ. ಇವತ್ತು ಪೆರು ಒಂದರಲ್ಲೇ 2 ಲಕ್ಷಕ್ಕೂ ಜಾಸ್ತಿ ವಿಕುನ್ಯಾಗಳಿವೆ.

ಇದೇ ಹೊತ್ತಿಗೆ ನಮ್ಮ ಕಡೆಯ ಶಾಹ್‌ತೂಷ್ ಶಾಲು ನೆನೆಸಿಕೊಳ್ಳಿ. ಟಿಬೆಟ್ಟಿನ ಚಿರು ಎಂಬ ಪ್ರಾಣಿಯ ಉಣ್ಣೆಯಿಂದ ಕಾಶ್ಮೀರದಲ್ಲಿ ನೇಯುತ್ತಿದ್ದ ಶಾಲು ಅದು. ಅದೂ ಅಷ್ಟೇ ನವಿರು. ಆದರೆ ಒಂದೊಂದು ಶಾಲಿಗೂ ಮೂರ್ನಾಲ್ಕು ಚಿರುಗಳು ಸತ್ತಿರುತ್ತಿದ್ದವು.

ಆದರೂ ಆಂಡಿಸ್‌ನಲ್ಲಿ ಎಲ್ಲ ಸರಿಯಾಗಿದೆ ಎಂದು ನಾನು ಹೇಳಲಾರೆ. ಕಳ್ಳಬೇಟೆ ಪೂರ್ತಿ ನಿಂತಿಲ್ಲ, ಕಜ್ಜಿ ರೋಗ ಹರಡುತ್ತಿದೆ. ನನ್ನನ್ನು ಹೆಚ್ಚು ಕಾಡುವುದು ಬೆಲೆಯ ವಿಷಯ. ಹಸಿ ಉಣ್ಣೆಗೆ ಹಳ್ಳಿಗೆ ಸಿಗುವುದು ಕಿಲೋಗೆ ಕೆಲವು ನೂರು ಡಾಲರ್. ಅದೇ ಉಣ್ಣೆಯ ಕೋಟು ಯೂರೋಪಿನ ಅಂಗಡಿಯಲ್ಲಿ ಹತ್ತಾರು ಸಾವಿರ ಡಾಲರಿಗೆ ಮಾರಾಟವಾಗುತ್ತದೆ. ಕತ್ತರಿಸಿದ ಉಣ್ಣೆಯಲ್ಲಿ ನವಿರು ಎಳೆಗಳ ಜೊತೆ ಒರಟು ಕೂದಲೂ ಬೆರೆತಿರುತ್ತದೆ. ಅದನ್ನು ಒಂದೊಂದಾಗಿ ಕೈಯಲ್ಲೇ ಆರಿಸಬೇಕು. ಬಹುಪಾಲು ಹೆಂಗಸರು ಮಾಡುವ ಕೆಲಸ ಇದು, ದಿನಗಟ್ಟಲೆ ಕೂತು. ಉಣ್ಣೆ ಅವರ ಕೈ ದಾಟಿದ ಮೇಲೆ ನೂಲುವುದು, ನೇಯುವುದು ಹೆಚ್ಚಾಗಿ ಸಮುದ್ರದ ಆಚೆಯ ಗಿರಣಿಗಳಲ್ಲಿ. ಇಂಕಾ ಕಾಲದಲ್ಲಿ ಆ ಬಟ್ಟೆ ನೇಯ್ದದ್ದು ಇದೇ ಬೆಟ್ಟದ ಜನ. ನೂಲುವ, ನೇಯುವ ಕೆಲಸ ಮತ್ತೆ ಅವರ ಕೈಗೆ, ಅವರ ಹಳ್ಳಿಗೇ ಬರಬೇಕು ಎಂಬುದು ನನ್ನ ಆಸೆ.