ಎಷ್ಟು, ಯಾವಾಗ, ಬಿಟ್ಟರೆ ಏನಾಗುತ್ತೆ?

ಕೋಲಾರ ಜಿಲ್ಲೆಯ ಕೇಳುಗರಿಗೆಲ್ಲ ನಮಸ್ಕಾರ.

ಆಪ್ತ ಸಮಾಲೋಚನೆಗೆ ಬರುವವರಲ್ಲಿ "ನನಗೆ ಕುಡಿತದ ತೊಂದರೆ ಇದೆ" ಅಂತ ಹೇಳಿಕೊಂಡು ಬರುವವರು ಬಹಳ ಕಡಿಮೆ. ನಿದ್ದೆ ಬರಲ್ಲ ಅಂತ ಬರುತ್ತಾರೆ. ಹೊಟ್ಟೆ ಉರಿ, ಕೈಕಾಲು ಜೋಮು ಅಂತ ಬರುತ್ತಾರೆ. ಮನೆಯಲ್ಲಿ ದಿನಾ ಜಗಳ, ಸಾಲ ಏರಿದೆ, ಮಗ ಕಾಲೇಜಿಗೆ ಹೋಗ್ತಿಲ್ಲ ಅಂತ ಬರುತ್ತಾರೆ. ಅಷ್ಟನ್ನೇ ಹಿಡಿದುಕೊಂಡು ತಿಂಗಳುಗಟ್ಟಲೆ ಮಾತಾಡಿದರೂ ಏನೂ ಸುಧಾರಿಸುವುದಿಲ್ಲ. ಯಾಕೆ ಅಂದರೆ ಒಳಗಿರುವ ವಿಷಯವನ್ನು ಯಾರೂ ಕೇಳಿರುವುದಿಲ್ಲ. ಅವರು ಹೇಳದಿರುವುದು ತಪ್ಪಲ್ಲ. ಕೇಳಬೇಕಾದ್ದು ನಮ್ಮ ಕೆಲಸ.

ಕುಡಿತ, ಹೊಗೆಸೊಪ್ಪಿನಂಥ ಚಟದ ಬಗ್ಗೆ ಹೇಗೆ ಕೇಳಬೇಕು, ಕೇಳಿದ್ದನ್ನು ಹೇಗೆ ತೂಗಿ ನೋಡಬೇಕು, ಇದು ಕಾಯಿಲೆಯ ಮಟ್ಟಕ್ಕೆ ಹೋಗಿದೆಯೋ ಇಲ್ಲವೋ ಅಂತ ಯಾರು ಹೇಳಬೇಕು. ಇವತ್ತಿನ ಮಾತು ಇದರ ಬಗ್ಗೆ. ಸಮಾಲೋಚನೆಯ ಕೆಲಸದಲ್ಲಿ ಇರುವವರಿಗೂ ಹೇಳುತ್ತಿದ್ದೇನೆ, ಮನೆಯಲ್ಲಿ ಇಂಥ ಚಿಂತೆ ಇಟ್ಟುಕೊಂಡು ಕೂತಿರುವ ಅಕ್ಕತಂಗಿಯರಿಗೂ ಹೇಳುತ್ತಿದ್ದೇನೆ.

ಮೊದಲು, ಎಲ್ಲರನ್ನೂ ಕೇಳಬೇಕು. ಮುಖ ನೋಡಿ ಆರಿಸಿ ಕೇಳಬಾರದು. ಹಾಲಿನ ಡೇರಿಯಲ್ಲಿ ಎಲ್ಲರ ಹಾಲಿಗೂ ಫ್ಯಾಟು ನೋಡುತ್ತಾರೆ, ಅಲ್ವಾ? ಅದರಿಂದ ಯಾರಿಗೂ ಅವಮಾನ ಆಗುವುದಿಲ್ಲ. ಇದೂ ಹಾಗೇ ನಡೆಯಬೇಕು. "ಇಲ್ಲಿಗೆ ಬರುವ ಎಲ್ಲರಿಗೂ ಈ ಪ್ರಶ್ನೆ ಕೇಳುತ್ತೇವೆ" ಅಂತ ಮೊದಲೇ ಹೇಳಿಬಿಟ್ಟರೆ ಅರ್ಧ ಮುಜುಗರ ಅಲ್ಲೇ ಕಳೆಯುತ್ತದೆ. ಕಾಫಿ, ಟೀಯಿಂದ ಶುರು ಮಾಡಿ ಎಲೆಅಡಿಕೆಗೆ ಬನ್ನಿ. ಆಮೇಲೆ ಬೀಡಿ, ಸಿಗರೇಟು, ಗುಟ್ಕಾ. ಆಮೇಲೆ ಮದ್ಯ. ಕೊನೆಗೆ ಗಾಂಜಾ, ಸೊಲ್ಯೂಷನ್ ಮೂಸುವುದು, ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ತರುವ ನಿದ್ದೆ ಮಾತ್ರೆ, ನೋವಿನ ಮಾತ್ರೆ. ಹೆಂಗಸರನ್ನು ಕೇಳಲು ನಮ್ಮವರು ಹಿಂಜರಿಯುತ್ತಾರೆ. ಎಲೆಅಡಿಕೆ ಜೊತೆ ದಿನವಿಡೀ ಕಡ್ಡಿಪುಡಿ ಹಾಕಿಕೊಳ್ಳುವ ಅಜ್ಜಿಯರು, ಕೂಲಿ ಕೆಲಸದ ಹೆಣ್ಣುಮಕ್ಕಳು ಇಲ್ಲಿ ಎಷ್ಟು ಜನ ಇದ್ದಾರೆ! ಅದು ಹೊಗೆಸೊಪ್ಪೇ. ಅವರನ್ನು ಒಮ್ಮೆಯೂ ಯಾರೂ ಕೇಳಿರುವುದಿಲ್ಲ.

2019ರಲ್ಲಿ ಕೇಂದ್ರ ಸರ್ಕಾರ ಒಂದು ರಾಷ್ಟ್ರೀಯ ಸಮೀಕ್ಷೆ ಪ್ರಕಟಿಸಿತು. ದೆಹಲಿಯ ಏಮ್ಸ್ ಆಸ್ಪತ್ರೆ ಅದನ್ನು ಮಾಡಿತ್ತು. ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, ಅವರಲ್ಲಿ 5.7 ಕೋಟಿಗೂ ಜಾಸ್ತಿ ಜನರಿಗೆ ನೆರವು ಬೇಕಾಗಿದೆ ಅಂತ ಅದು ಹೇಳಿತು. ಹಾಗೆ ನೋಡಿದರೆ ನಮ್ಮ ಬೀದಿಯಲ್ಲೇ ಎಷ್ಟೋ ಮನೆಗಳ ಕಥೆ ಇದು.

ಈಗ ಅಳತೆಯ ವಿಷಯ. "ನೀವು ಕುಡೀತೀರಾ?" ಅಂತ ಕೇಳಿದರೆ "ಯಾವಾಗಲಾದರೂ ಸ್ವಲ್ಪ" ಅನ್ನುತ್ತಾರೆ. ಈ ಉತ್ತರದಿಂದ ಏನೂ ತಿಳಿಯುವುದಿಲ್ಲ. ಎಷ್ಟು, ವಾರಕ್ಕೆ ಎಷ್ಟು ದಿನ, ದಿನದ ಮೊದಲ ಗುಟುಕು ಎಷ್ಟು ಗಂಟೆಗೆ, ಎಷ್ಟು ವರ್ಷದಿಂದ, ಒಂದು ದಿನ ಸಿಗದಿದ್ದರೆ ಏನಾಗುತ್ತೆ, ಇವನ್ನು ಕೇಳಬೇಕು. ಟೊಮೆಟೊ ಮಂಡಿಯಲ್ಲಿ ರಾತ್ರಿಯೆಲ್ಲ ಲೋಡು ಎತ್ತುವ ಹಮಾಲಿಯೊಬ್ಬರು "ಮೈ ಕೈ ನೋವಿಗೆ ದಿನಾ ಒಂದು ಕ್ವಾರ್ಟರ್ ಅಷ್ಟೇ ಸಾರ್, ಜಾಸ್ತಿ ಇಲ್ಲ" ಅಂದರು ಅಂತ ಇಟ್ಟುಕೊಳ್ಳಿ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಲೆಕ್ಕದಲ್ಲಿ ಅದು ಕಡಿಮೆಯೇ. ನಾವು ನಮ್ಮ ಲೆಕ್ಕ ಹಾಕೋಣ. 10 ಗ್ರಾಂ ಆಲ್ಕೋಹಾಲ್ ಅಂದರೆ ಒಂದು ಯೂನಿಟ್. ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂದಿ ಸಾಮಾನ್ಯವಾಗಿ ಶೇಕಡಾ 42.8ರ ಮಾಲು. ಅದರಲ್ಲಿ 30 ಎಂಎಲ್ ಅಂದರೆ ಒಂದು ಯೂನಿಟ್. ನೈಂಟಿ, ಅಂದರೆ 90 ಎಂಎಲ್, 3 ಯೂನಿಟ್. ಕ್ವಾರ್ಟರ್, ಅಂದರೆ 180 ಎಂಎಲ್, 6 ಯೂನಿಟ್. "ನಾನು ಬರೀ ಬಿಯರು" ಅನ್ನುವ ಹುಡುಗರಿಗೂ ಹೇಳಬೇಕು. 650 ಎಂಎಲ್‌ನ ಒಂದು ಸ್ಟ್ರಾಂಗ್ ಬಿಯರ್ ಹತ್ತಿರ ಹತ್ತಿರ 4 ಯೂನಿಟ್ ಆಗುತ್ತದೆ. ನೈಂಟಿಗಿಂತ ಜಾಸ್ತಿ.

ವಿಶ್ವ ಆರೋಗ್ಯ ಸಂಸ್ಥೆ ಮಾಡಿಕೊಟ್ಟ ಆಡಿಟ್ ಅನ್ನುವ ಪ್ರಶ್ನಾವಳಿ ಇದೆ. 10 ಪ್ರಶ್ನೆ, ಒಟ್ಟು 40 ಅಂಕ. 8 ಅಥವಾ ಮೇಲೆ ಬಂದರೆ ಕುಡಿತ ಅಪಾಯದ ಮಟ್ಟದಲ್ಲಿದೆ ಅಂತ. ನಮ್ಮ ಹಮಾಲಿ ಅಣ್ಣನ ಲೆಕ್ಕ ಹಾಕಿ ನೋಡಿ. ಎಷ್ಟು ಸಲ ಕುಡಿಯುತ್ತೀರಿ? ದಿನಾ. 4 ಅಂಕ. ಕುಡಿದ ದಿನ ಎಷ್ಟು? 6 ಯೂನಿಟ್. 2 ಅಂಕ. ಒಂದೇ ಸಲಕ್ಕೆ 6 ಅಥವಾ ಅದಕ್ಕಿಂತ ಹೆಚ್ಚು ಎಷ್ಟು ಸಲ? ಅದೂ ದಿನಾ. ಇನ್ನೂ 4. ಮೂರೇ ಪ್ರಶ್ನೆಗೆ 8 ದಾಟಿ 10ಕ್ಕೆ ಬಂದು ನಿಂತರು. ಇನ್ನೂ 7 ಪ್ರಶ್ನೆ ಬಾಕಿ ಇದೆ. "ಒಂದು ಕ್ವಾರ್ಟರ್ ಅಷ್ಟೇ" ಅನ್ನುವ ಮಾತನ್ನು ನಾನು ಯಾಕೆ ಇಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ ಅಂತ ಈಗ ತಿಳಿಯಿತಲ್ಲ.

ಬಿಡುವಿಲ್ಲದ ಕಡೆ ಕೇಜ್ ಅನ್ನುವ 4 ಪ್ರಶ್ನೆ ಸಾಕು. ಕಡಿಮೆ ಮಾಡಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ? ಯಾರಾದರೂ ಆಕ್ಷೇಪಿಸಿದರೆ ಸಿಟ್ಟು ಬಂದಿದೆಯಾ? ಕುಡಿದದ್ದಕ್ಕೆ ಒಳಗೊಳಗೇ ಬೇಜಾರಾಗಿದೆಯಾ? ಬೆಳಗ್ಗೆ ಎದ್ದ ತಕ್ಷಣ ನಡುಕ ನಿಲ್ಲಲಿ ಅಂತ ಕುಡಿದಿದ್ದೀರಾ? ಎರಡಕ್ಕೆ ಹೌದು ಅಂದರೆ ಕೂತು ವಿವರವಾಗಿ ಮಾತಾಡಬೇಕು. ಹೊಗೆಸೊಪ್ಪು, ಗಾಂಜಾ, ಮಾತ್ರೆ ಎಲ್ಲವನ್ನೂ ಒಟ್ಟಿಗೆ ನೋಡಲು ವಿಶ್ವ ಆರೋಗ್ಯ ಸಂಸ್ಥೆಯದೇ ಅಸಿಸ್ಟ್ ಅನ್ನುವ ಪ್ರಶ್ನಾವಳಿ ಇದೆ. ಇವೆಲ್ಲ ಜರಡಿ ಹಿಡಿಯುವ ಕೆಲಸ ಅಷ್ಟೇ. ಅಂಕ ನೋಡಿ ಯಾರಿಗೂ ಕಾಯಿಲೆಯ ಹೆಸರು ಇಡಬಾರದು.

ಕೆಲವು ತಂದೆತಾಯಿ ಮಗನನ್ನು ಎಳೆದುಕೊಂಡು ಬಂದು "ಯೂರಿನ್ ಟೆಸ್ಟ್ ಮಾಡಿಸಿ, ಗೊತ್ತಾಗಲಿ" ಅನ್ನುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ಟೆಸ್ಟಿನಿಂದ ಗಾಂಜಾ ಸೇದಿದ್ದಾನೋ ಇಲ್ಲವೋ ಅಂತ ಮಾತ್ರ ತಿಳಿಯುತ್ತದೆ. ದಿನಾ ಗಾಂಜಾ ಸೇದುತ್ತಿದ್ದವರಲ್ಲಿ ಬಿಟ್ಟು ವಾರಗಟ್ಟಲೆ ಆದರೂ ಅದು ಮೂತ್ರದಲ್ಲಿ ಸಿಗಬಹುದು. ಎಷ್ಟು ಅಂಟಿಕೊಂಡಿದೆ, ಯಾಕೆ ಶುರುವಾಯಿತು, ಇದನ್ನು ಹುಡುಗನೇ ಹೇಳಬೇಕು. ಅವನಿಗೆ ತಿಳಿಸದೆ ಟೆಸ್ಟ್ ಮಾಡಿಸಿದರೆ ಅವನು ಮತ್ತೆ ಬಾಯಿ ಬಿಡುವುದಿಲ್ಲ.

ಇನ್ನು ಬಿಟ್ಟರೆ ಏನಾಗುತ್ತೆ ಅನ್ನುವ ಪ್ರಶ್ನೆ. ಇದರ ಹತ್ತಿರ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು.

ನವೆಂಬರ್, ಡಿಸೆಂಬರ್ ಬಂದರೆ ನಮ್ಮ ಊರುಗಳಲ್ಲಿ ಎಷ್ಟೋ ಗಂಡಸರು ಅಯ್ಯಪ್ಪ ಮಾಲೆ ಹಾಕುತ್ತಾರೆ. ಮಾಲೆ ಹಾಕಿದ ದಿನವೇ ಕುಡಿತ ಬಂದ್. "41 ದಿನ ಮುಟ್ಟಲಿಲ್ಲ, ನನಗೆಲ್ಲಿದೆ ಚಟ?" ಅಂತ ಕೇಳುತ್ತಾರೆ. ನಾನು ಎರಡು ವಿಷಯ ಕೇಳುತ್ತೇನೆ. ಮಾಲೆ ಹಾಕಿದ ಮೊದಲ ಮೂರು ದಿನ ಹೇಗಿತ್ತು? ಮಾಲೆ ತೆಗೆದ ಮೇಲಿನ ವಾರ ಹೇಗಿತ್ತು? ಮೊದಲ ದಿನಗಳಲ್ಲಿ ನಿದ್ದೆಯಿಲ್ಲ, ಬೆವರು, ಟೀ ಲೋಟ ಎರಡೂ ಕೈಯಲ್ಲಿ ಹಿಡಿದರೂ ಚೆಲ್ಲುತ್ತಿತ್ತು ಅಂದರೆ ದೇಹ ಮದ್ಯಕ್ಕೆ ಒಗ್ಗಿಹೋಗಿತ್ತು ಅಂತ ಅರ್ಥ. ಮಾಲೆ ತೆಗೆದ ವಾರದಲ್ಲೇ ಮೊದಲಿನ ಅಳತೆಗೆ ಬಂದು ಮುಟ್ಟಿದರೆ ಹಿಡಿತ ಇನ್ನೂ ಕೈಗೆ ಬಂದಿಲ್ಲ. 41 ದಿನ ಬಿಟ್ಟಿದ್ದು ದೊಡ್ಡ ವಿಷಯವೇ. ಆ ಶಕ್ತಿಯನ್ನು ಚಿಕಿತ್ಸೆಯಲ್ಲಿ ಖಂಡಿತ ಬಳಸಿಕೊಳ್ಳಬೇಕು. ಆದರೆ ಚಟ ಇಲ್ಲ ಅನ್ನುವುದಕ್ಕೆ ಅದು ಸಾಕ್ಷಿ ಆಗುವುದಿಲ್ಲ.

ಇನ್ನೊಂದು ಮಾತು, ದಯವಿಟ್ಟು ಗಮನವಿಟ್ಟು ಕೇಳಿ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ ಆಗಬಹುದು. ನಿಲ್ಲಿಸಿದ 6ರಿಂದ 24 ಗಂಟೆಯೊಳಗೆ ಕೈ ನಡುಕ, ವಾಕರಿಕೆ, ಎದೆ ಡವಡವ ಶುರುವಾಗುತ್ತದೆ. ಮೊದಲ 2 ದಿನದೊಳಗೆ ಫಿಟ್ಸ್ ಬರಬಹುದು. 2ರಿಂದ 4ನೇ ದಿನದ ಹೊತ್ತಿಗೆ ಕೆಲವರಿಗೆ ಊರು, ಹೊತ್ತು, ಜನ ಯಾವುದೂ ತಿಳಿಯುವುದಿಲ್ಲ. ಗೋಡೆ ಮೇಲೆ ಹುಳ ಹರಿದಂತೆ, ಯಾರೋ ಕರೆದಂತೆ ಆಗುತ್ತದೆ. ಕಾಲು ಮುರಿದು ಆಸ್ಪತ್ರೆ ಸೇರಿದವರಿಗೆ ಮೂರನೇ ದಿನ ಹೀಗಾದರೆ ಮನೆಯವರು ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಲು ಹೊರಡುತ್ತಾರೆ. ಅದು ಗಾಳಿಯಲ್ಲ, ಮದ್ಯ ನಿಂತದ್ದರ ಪರಿಣಾಮ. ತಕ್ಷಣ ವೈದ್ಯರಿಗೆ "ಇವರು ದಿನಾ ಕುಡೀತಿದ್ರು" ಅಂತ ಹೇಳಿ. ಹಿಂದೆ ಫಿಟ್ಸ್ ಬಂದಿತ್ತಾ ಅನ್ನುವುದನ್ನೂ ಹೇಳಿ. ನಾಚಿಕೆಯಿಂದ ಮುಚ್ಚಿಟ್ಟರೆ ಜೀವಕ್ಕೆ ಕಷ್ಟ. ಸಮಾಲೋಚಕರೂ ಇಂಥವರಿಗೆ "ಇವತ್ತೇ ಬಿಟ್ಟುಬಿಡಿ" ಅಂತ ಹೇಳಿ ಕಳಿಸಬಾರದು. ಮೊದಲು ವೈದ್ಯರ ಹತ್ತಿರ ಕಳಿಸಿ.

ಹಾಗೇ, ಗಂಡನಿಗೆ ತಿಳಿಯದಂತೆ ಸಾರಿನಲ್ಲೋ ಕಾಫಿಯಲ್ಲೋ ಪುಡಿ ಬೆರೆಸಿ ಕೊಡುವುದು. ಬೇಡಮ್ಮಾ, ಖಂಡಿತ ಬೇಡ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಅನ್ನುವ ಔಷಧಿ ಹೊಟ್ಟೆಯಲ್ಲಿದ್ದು ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಹೃದಯಕ್ಕೆ ಪೆಟ್ಟಾಗಬಹುದು. ಜೀವವೇ ಹೋಗಬಹುದು. ಅದನ್ನು ಕುಡಿಯುವವರಿಗೆ ತಿಳಿಸಿ, ಒಪ್ಪಿಸಿ, ವೈದ್ಯರ ಕಣ್ಣಳತೆಯಲ್ಲೇ ಕೊಡಬೇಕು.

ಕಾಯಿಲೆ ಹೌದೋ ಅಲ್ಲವೋ ಅಂತ ಹೇಳುವುದು ಮನೋವೈದ್ಯರ ಕೆಲಸ. ಅವರ ಮುಂದೆ 2013ರ ಡಿಎಸ್‌ಎಂ-5 ಅನ್ನುವ, ಮಾನಸಿಕ ಕಾಯಿಲೆಗಳ ಕೈಪಿಡಿಯ 11 ಲಕ್ಷಣಗಳು ಇರುತ್ತವೆ. ಅಂದುಕೊಂಡದ್ದಕ್ಕಿಂತ ಜಾಸ್ತಿ ಕುಡಿಯುವುದು, ಬಿಡಲು ಹೋಗಿ ಆಗದಿರುವುದು, ತಡೆಯಲಾಗದ ಆಸೆ, ಮೊದಲಿನ ಅಳತೆ ಸಾಲದಾಗುವುದು, ಬಿಟ್ಟರೆ ನಡುಕ, ಕುಡಿದು ಬೈಕು ಟ್ರ್ಯಾಕ್ಟರ್ ಓಡಿಸುವುದು, ತೋಟದ ಕೆಲಸ, ಮಕ್ಕಳ ಶಾಲೆ ಎಲ್ಲ ಬಿಟ್ಟುಹೋಗುವುದು ಇವೆಲ್ಲ ಅದರಲ್ಲಿ ಬರುತ್ತವೆ. ಒಂದು ವರ್ಷದೊಳಗೆ 2 ಅಥವಾ 3 ಕಂಡರೆ ಸೌಮ್ಯ, 4 ಅಥವಾ 5 ಇದ್ದರೆ ಮಧ್ಯಮ, 6 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ತೀವ್ರ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಹೇಳಿದಷ್ಟೇ ನುಂಗುವವರಲ್ಲಿ ದೇಹ ಒಗ್ಗಿಕೊಂಡರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕುಡಿಯುವವರಲ್ಲಿ ಕಾಣುವ ಖಿನ್ನತೆ ಬೇರೆಯೇ ಕಾಯಿಲೆಯೋ, ಮದ್ಯದಿಂದ ಬಂದದ್ದೋ ಅಂತ ತಿಳಿಯಲು ಬಿಟ್ಟ ಮೇಲೆ ಸುಮಾರು ಒಂದು ತಿಂಗಳು ನೋಡಬೇಕಾಗುತ್ತದೆ. ಆದರೆ ಸಾಯಬೇಕು ಅನ್ನಿಸುತ್ತಿದೆಯಾ ಅನ್ನುವ ಪ್ರಶ್ನೆಗೆ ಒಂದು ದಿನವೂ ಕಾಯಬಾರದು. ಅದನ್ನು ಮೊದಲ ಭೇಟಿಯಲ್ಲೇ ಕೇಳಬೇಕು. ಹೆಂಡತಿಯನ್ನು ಬೇರೆಯಾಗಿ ಕೂರಿಸಿ, ಮನೆಯಲ್ಲಿ ಕೈ ಮಾಡುತ್ತಾರಾ ಅಂತ ಅವತ್ತೇ ಕೇಳಬೇಕು.

ನೀವು ಹೇಳಿದ್ದು ಗುಟ್ಟಾಗಿಯೇ ಉಳಿಯಬೇಕು ಅನ್ನುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟಿರುವ ಹಕ್ಕು. ಸರಪಳಿಯಲ್ಲಿ ಕಟ್ಟಿಹಾಕುವುದು ಅದೇ ಕಾಯ್ದೆಯಲ್ಲಿ ನಿಷಿದ್ಧ. ಚಟ ಬಿಡಿಸುವ ಕೇಂದ್ರಕ್ಕೆ ಮಗನನ್ನು ಸೇರಿಸುವ ಮೊದಲು ಒಳಗೆ ಹೋಗಿ ಕಣ್ಣಾರೆ ನೋಡಿ.

ಮನೆಯಿಂದಲೇ ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಚಟ ಬಿಡಿಸುವುದಕ್ಕೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ನೇರವಾಗಿ ಬರುವವರು ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗ ಎಲ್ಲಿ ಅಂತ ವಿಚಾರಿಸಿ. ತಾಲ್ಲೂಕಿನವರು ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ನಿಮ್ಮ ಆಶಾ ಕಾರ್ಯಕರ್ತೆಯನ್ನೋ ತಾಲ್ಲೂಕು ಆಸ್ಪತ್ರೆಯನ್ನೋ ಕೇಳಿ ಹೊರಡಿ. ಬರುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ ತನ್ನಿ, ವೈದ್ಯರು ಬರೆದುಕೊಟ್ಟ ಹಳೆ ಚೀಟಿಗಳನ್ನೂ ತನ್ನಿ. ಹಿಂದಿನ ಒಂದು ವಾರ ಯಾವ ದಿನ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬೆಳಗ್ಗೆ ಕೈ ನಡುಗುವವರು ಒಬ್ಬರೇ ಬಸ್ಸು ಹತ್ತಬೇಡಿ, ಮನೆಯವರು ಯಾರನ್ನಾದರೂ ಜೊತೆಗೆ ಕರೆದುಕೊಂಡು ಬನ್ನಿ.

ನಮಸ್ಕಾರ.