ಮುತ್ತು ಕೊಟ್ಟವರು ಯಾರು?

ಕೇಳುಗರಿಗೆ ನಮಸ್ಕಾರ.

ಐತವಾರ ಮಧ್ಯಾಹ್ನ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಒಂದು ಕೆಲಸ ತಪ್ಪುವುದಿಲ್ಲ. ಮೊಮ್ಮಗಳ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕುವುದು. ಆ ಹೊತ್ತಿನಲ್ಲಿ ಕೈಗೆ ಮೊಬೈಲ್ ಕೊಡುವುದಿಲ್ಲ ಅಂತ ನನ್ನದೊಂದು ಹಟ. ಅದಕ್ಕೇ ಆಕೆ ಕಥೆ ಕೇಳುತ್ತಾಳೆ. ಮೊನ್ನೆ ಮಲಗಿದ ರಾಜಕುಮಾರಿಯ ಕಥೆ ಹಿಡಿದೆ. ಮಾಟಗಾತಿ ಶಾಪ ಕೊಟ್ಟಳು, ಹುಡುಗಿಯ ಬೆರಳಿಗೆ ಕದಿರು ಚುಚ್ಚಿತು, ನಿದ್ದೆ ಹತ್ತಿತು. ರಾಜಕುಮಾರ ಬಂದು ಮುತ್ತು ಕೊಟ್ಟ ಅನ್ನುವಷ್ಟರಲ್ಲಿ ಹುಡುಗಿ ತಲೆ ಕೊಡವಿದಳು. ಬಾಚಣಿಕೆ ಕೂದಲಲ್ಲೇ ಸಿಕ್ಕಿಬಿತ್ತು.

"ತಪ್ಪು ಹೇಳಾಕತ್ತಿ ಆಯಿ. ಅಂವಾ ಮುತ್ತು ಕೊಟ್ರೂ ಆಕಿ ಏಳಂಗಿಲ್ಲ. ಮಾಟಗಾತಿ ಬಂದು ಹಣಿಗೆ ಮುತ್ತು ಕೊಡ್ತಾಳಲ್ಲ, ಆಗ ಏಳ್ತಾಳ."

ಆಕೆ ನೋಡಿದ್ದು 2014ರ ‘ಮ್ಯಾಲೆಫಿಸೆಂಟ್’. ಏಂಜಲಿನಾ ಜೋಲಿ ಕೊಂಬಿಟ್ಟುಕೊಂಡು ಮಾಟಗಾತಿಯಾದ ಚಿತ್ರ. ನಮಗೆ ಅದು ಹಳೆಯ ಕಥೆಯನ್ನು ತಿರುವಿ ಹಾಕಿದ್ದು. ಈ ಹುಡುಗಿಗೆ ಅದೇ ಮೂಲ. ತಿರುವಿ ಹಾಕಿದವಳು ನಾನು!

ಇಂಥ ಚಿತ್ರಗಳಿಗೆ ವಿಮರ್ಶಕರು ಆಧುನಿಕೋತ್ತರ ಅಂತ ಹಣೆಪಟ್ಟಿ ಹಚ್ಚುತ್ತಾರೆ. ಶಬ್ದ ದೊಡ್ಡದು. ನನಗೆ ತಿಳಿದಷ್ಟು ಅರ್ಥ ಇಷ್ಟೇ: ಕಥೆಗೆ ತಾನು ಕಥೆ ಅನ್ನುವುದು ಗೊತ್ತಿರುತ್ತದೆ, ಗೊತ್ತಿದ್ದದ್ದನ್ನು ಅದು ಮುಚ್ಚಿಡುವುದಿಲ್ಲ. 2001ರ ‘ಶ್ರೆಕ್’ ಸುರುವಾಗುವ ರೀತಿ ನೋಡಿ. ಚಂದದ ಪುಸ್ತಕವೊಂದು ಪುಟಪುಟವಾಗಿ ತೆರೆಯುತ್ತದೆ. ರಾಜಕುಮಾರಿ, ಗೋಪುರ, ಕಾವಲಿಗೆ ಬೆಂಕಿಯುಗುಳುವ ಡ್ರ್ಯಾಗನ್, ಶಾಪ ಬಿಡಿಸುವ ಮುತ್ತು. ಓದುತ್ತಿದ್ದ ಹಸಿರು ರಾಕ್ಷಸ ಹೋ ಎಂದು ನಕ್ಕು ಹಾಳೆ ಹರಿಯುತ್ತಾನೆ. ಆಮೇಲೆ ನೀರು ಬಿಟ್ಟ ಸದ್ದು. ಅವನು ಕೂತದ್ದು ಪಾಯಖಾನೆಯಲ್ಲಿ. ಹಾಳೆ ಯಾತಕ್ಕೆ ಬಳಕೆಯಾಯಿತು ಅನ್ನುವುದನ್ನು ಬಾನುಲಿಯಲ್ಲಿ ಹೇಳುವುದು ಬೇಡ. ಅತ್ಯುತ್ತಮ ಅನಿಮೇಷನ್ ಚಿತ್ರಕ್ಕೆಂದು ಆಸ್ಕರ್ ಪ್ರಶಸ್ತಿ ಸುರುವಾದಾಗ ಮೊಟ್ಟಮೊದಲು ಗೆದ್ದದ್ದು ಈ ಚಿತ್ರವೇ.

ನಾನು ಆ ದೃಶ್ಯಕ್ಕೆ ಬಿದ್ದುಬಿದ್ದು ನಕ್ಕಿದ್ದೆ. ಮೊಮ್ಮಗಳೂ ನಕ್ಕಳು, ಆದರೆ ಪಾಯಖಾನೆಗೆ. ಹಾಳೆಯಲ್ಲಿ ಏನಿತ್ತು ಅನ್ನುವುದು ಆಕೆಗೆ ಗೊತ್ತಿಲ್ಲ. ಓದುವ ಮೊದಲೇ ಹರಿದದ್ದನ್ನು ನೋಡಿದ ತಲೆಮಾರು ಅದು. ಇಂಥ ಚಿತ್ರಗಳ ಚೇಷ್ಟೆಯೆಲ್ಲ ಮಕ್ಕಳ ತಲೆಯ ಮೇಲಿಂದ ಹಾಯ್ದು ಹಿಂದೆ ಕೂತ ಅಪ್ಪ ಅವ್ವನನ್ನು ಮುಟ್ಟುತ್ತದೆ.

ಬಾಚಣಿಕೆ ಬಿಡಿಸಿಕೊಂಡೆನಾದರೂ ಮುತ್ತಿನ ಪ್ರಶ್ನೆ ಬಿಡಲಿಲ್ಲ. ಮೊದಲು ಕೊಟ್ಟವರು ಯಾರು? ಹುಡುಕುತ್ತ ಹೋದರೆ ಮುತ್ತೇ ಸಿಗುವುದಿಲ್ಲ. 1697ರಲ್ಲಿ ಫ್ರಾನ್ಸಿನ ಪೆರೋ ಬರೆದ ಕಥೆಯಲ್ಲಿ ರಾಜಕುಮಾರ ಬಂದು ಮೊಣಕಾಲೂರುತ್ತಾನೆ, ಶಾಪದ ಅವಧಿ ಮುಗಿದಿರುತ್ತದೆ, ಆಕೆ ತಾನೇ ಏಳುತ್ತಾಳೆ. ಅದಕ್ಕೂ ಹಿಂದೆ, ಅದೇ ಶತಮಾನದ ಮೊದಲರ್ಧದಲ್ಲಿ, ಇಟಲಿಯ ಬಸಿಲೆ ಹೇಳಿದ ಕಥೆ ಇನ್ನೂ ಕಠೋರ. ಆಕೆಯ ಉಗುರಿನೊಳಗೆ ಹೊಕ್ಕಿದ್ದು ಅಗಸೆಯ ನಾರಿನ ಸಿಬಿರು. ಹೌದು, ನಾವು ಹಿಂಡಿ ಕುಟ್ಟಿ ರೊಟ್ಟಿಗೆ ಹಚ್ಚಿಕೊಳ್ಳುವ ಅದೇ ಅಗಸೆ. ಆಕೆ ನಿದ್ದೆಯಲ್ಲೇ ತಾಯಿಯಾಗುತ್ತಾಳೆ. ಕೂಸು ಮೊಲೆ ಹುಡುಕುತ್ತ ಬೆರಳು ಚೀಪಿದಾಗ ಸಿಬಿರು ಹೊರಬಂದು ಎಚ್ಚರಾಗುತ್ತದೆ. ಮುತ್ತು ಬಂದದ್ದು 1812ರಲ್ಲಿ, ಜರ್ಮನಿಯ ಗ್ರಿಮ್ ಸೋದರರ ಪುಸ್ತಕದಲ್ಲಿ. ಅದೇ ಗ್ರಿಮ್‌ರ ಹಿಮಸುಂದರಿಗೆ ಮಾತ್ರ ಮುತ್ತಿಲ್ಲ. ಪೆಟ್ಟಿಗೆ ಹೊತ್ತ ಆಳುಗಳು ಎಡವುತ್ತಾರೆ, ಗಂಟಲಲ್ಲಿ ಸಿಕ್ಕಿದ್ದ ಸೇಬಿನ ತುಣುಕು ಹೊರಗೆ ಬೀಳುತ್ತದೆ. ಆಕೆಗೆ ಮುತ್ತು ಕೊಡಿಸಿದ್ದು 1937ರ ಡಿಸ್ನಿ ಚಿತ್ರ. ಇನ್ನೊಂದು ಮಾತು: ಗ್ರಿಮ್‌ರ ಮೊದಲ ಮುದ್ರಣದಲ್ಲಿ ಆ ಹುಡುಗಿಯನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿಯೇ. 1819ರ ಮುದ್ರಣದಲ್ಲಿ ಮಲತಾಯಿಯಾದಳು. ಪಾಪ, ಮಲತಾಯಂದಿರು.

ಅಂದರೆ ಈಗಿನ ಚಿತ್ರಗಳು ಜಗಳಕ್ಕಿಳಿದದ್ದು ಪುರಾತನ ಕಥೆಗಳ ಜೊತೆಯಲ್ಲ, ಹೆಚ್ಚಿನ ಪಾಲು ಡಿಸ್ನಿಯ ಜೊತೆ. ‘ಸ್ಲೀಪಿಂಗ್ ಬ್ಯೂಟಿ’ 1959ರದು, ಅದನ್ನು ಬುಡಮೇಲು ಮಾಡಿದ ‘ಮ್ಯಾಲೆಫಿಸೆಂಟ್’ ಬಂದದ್ದು 55 ವರ್ಷಕ್ಕೆ, ಎರಡೂ ಅದೇ ಅಂಗಡಿಯ ಮಾಲು. ಹಳೇ ಅರಿವೆ ತಗೊಂಡು ಹೊಸ ಬೋಗಾಣಿ ಕೊಡುವವಳು ಓಣಿಗೆ ಬರುತ್ತಾಳಲ್ಲ, ಆಕೆಯ ವ್ಯಾಪಾರ ನೆನಪಾಗುತ್ತದೆ. ಬೋಗಾಣಿ ಚಲೋ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ನಂಬಿದವನೇ ರೆಕ್ಕೆ ಕತ್ತರಿಸಿಕೊಂಡು ಹೋದ ಬೆಳಗ್ಗೆ ಮಾಟಗಾತಿ ಎಚ್ಚರಾಗಿ ಚೀರುವ ದೃಶ್ಯ ಎದೆಗೆ ನಾಟುತ್ತದೆ. ಆದರೆ ಮಾಟಗಾತಿಯನ್ನು ಖಳರ ಕುರ್ಚಿಯಿಂದ ಎಬ್ಬಿಸಿದವರಿಗೆ ಆ ಕುರ್ಚಿ ಖಾಲಿ ಬಿಡಲು ಆಗಲಿಲ್ಲ. ರಾಜನನ್ನು ತಂದು ಕೂಡಿಸಿದರು. 2013ರ ‘ಫ್ರೋಜನ್’ ಇದಕ್ಕಿಂತ ಜಾಣ. ಅಲ್ಲಿ ತಂಗಿ ಅಕ್ಕನಿಗಾಗಿ ಮಾಡಿದ ತ್ಯಾಗವೇ ಮುತ್ತಿನ ಕೆಲಸ ಮಾಡುತ್ತದೆ.

ತಿರುವುವುದರಲ್ಲಿ ನಮ್ಮವರೇನೂ ಕಡಿಮೆಯಿಲ್ಲ. ನನ್ನ ತಾಯಿಯ ತವರು ರೋಣ ತಾಲೂಕಿನ ಹಳ್ಳಿ. ಬಿತ್ತನೆಗೆ ಶೇಂಗಾ ಸುಲಿಯುವಾಗ ಅಜ್ಜಿ ಕಥೆ ಹೇಳುತ್ತಿದ್ದಳು. ಸೊಸೆ ಒಳಗೆ ರೊಟ್ಟಿ ಬಡಿಯುತ್ತಿದ್ದರೆ ಕಥೆಯ ಅತ್ತೆಗೆ ಕೊನೆಯಲ್ಲಿ ಕರುಣೆ ಬರುತ್ತಿತ್ತು. ಸೊಸೆ ತವರಿಗೆ ಹೋದ ವಾರ ಅದೇ ಕಥೆಯಲ್ಲಿ ಸೊಸೆಯೇ ಕಳ್ಳಿ. ನಾವು ಹೂಂಗುಡದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು.

ಇಂಥ ಕಥೆಗಳನ್ನು ಎ.ಕೆ. ರಾಮಾನುಜನ್ ಕೂಡಿಸಿಟ್ಟರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು ಅವರಿಂದ ಕೇಳಿದ್ದನ್ನೇ ‘ನಾಗಮಂಡಲ’ ನಾಟಕ ಮಾಡಿದರು. ಅದರಲ್ಲಿ ರಾತ್ರಿ ಊರ ದೀಪಗಳ ಜ್ಯೋತಿಗಳೆಲ್ಲ ಪಾಳುಗುಡಿಗೆ ಬಂದು ಹರಟೆಗೆ ಕೂಡುತ್ತವೆ. ಕಥೆಯೇ ಸೀರೆಯುಟ್ಟು ಬಂದು ತನ್ನನ್ನು ತಾನು ಹೇಳಿಕೊಳ್ಳುತ್ತದೆ. ಮುಗಿಯಿತು ಅಂದರೆ ಜ್ಯೋತಿಗಳು ಒಪ್ಪುವುದಿಲ್ಲ, ಇನ್ನೊಂದು ಕೊನೆ ಬೇಕು. 1997ರಲ್ಲಿ ನಾಗಾಭರಣರು ಅದನ್ನು ಸಿನಿಮಾ ಮಾಡಿದಾಗ ಪರದೆಯ ಮೇಲೆ ನಮ್ಮ ಕಡೆಯ ಮಾತು ಕೇಳಿದ ಖುಷಿ ಇನ್ನೂ ನೆನಪಿದೆ. ಕಥೆಗೆ ತಾನು ಕಥೆ ಅನ್ನುವುದು ಗೊತ್ತಿರಬೇಕು ಅಂದೆನಲ್ಲ, ಅದು ಪಾಯಖಾನೆಗೆ ಹೋಗದೆಯೂ ಆಗುತ್ತದೆ.

ಇರಲಿ. ಮೊನ್ನೆ ಒಂದು ಜಡೆ ಮುಗಿಸಿ ರಬ್ಬರ್ ಬ್ಯಾಂಡ್ ಹಾಕುವಾಗ ಮೊಮ್ಮಗಳು ಕೇಳಿದಳು, "ಕದಿರು ಅಂದ್ರ ಏನು?" ಖಾದಿಯ ರಾಷ್ಟ್ರಧ್ವಜ ಸಿದ್ಧವಾಗುವ ಬೆಂಗೇರಿ ಇರುವುದು ಇದೇ ಹುಬ್ಬಳ್ಳಿಯಲ್ಲಿ! ರಾಟಿ, ನೂಲು, ಕದಿರು ಎಲ್ಲ ಕೈಯಾಡಿಸಿ ತೋರಿಸಿದೆ. ಶಾಪಕ್ಕೆ ಹೆದರಿ ರಾಜ ಊರೊಳಗಿನ ರಾಟಿಯನ್ನೆಲ್ಲ ಸುಡಿಸಿದ ಅಂದೆ.

"ಹಂಗಾದ್ರ ಅಷ್ಟು ವರ್ಷ ಎಲ್ಲಾರೂ ಏನು ಉಟ್ಕೊಂಡ್ರು ಆಯಿ?"

ನಾನು ನೋಡಿದ ಯಾವ ಚಿತ್ರವೂ ಕೇಳದ ಪ್ರಶ್ನೆ. ಕಥೆಯನ್ನು ಮತ್ತೆ ಸುರು ಮಾಡಿದೆ, ಈ ಸಲ ಅರಮನೆಯಿಂದಲ್ಲ, ಬೆಟಗೇರಿಯ ಒಬ್ಬ ನೇಕಾರನ ಮನೆಯಿಂದ. ನೂಲಿಲ್ಲದೆ ಮಗ್ಗ ನಿಂತು ವರ್ಷವಾಗಿತ್ತು, ಮಗ್ಗದ ಕುಣಿಯೊಳಗ ಬೆಕ್ಕು ಮರಿ ಹಾಕಿತ್ತು ಅಂದೆ.

"ಹೂಂ" ಅಂದಳು. ಇನ್ನೊಂದು ಜಡೆ ಬಾಕಿ ಇತ್ತು.

ನಮಸ್ಕಾರ.