ನಂಬಿಕೆ ಯಾರದು, ರಕ್ತ ಯಾರದು?

"ಅವರವರ ನಂಬಿಕೆ ಅವರವರಿಗೆ" ಅಂತ ಹೇಳಿ ಸುಮ್ಮನಾಗೋದು ಸುಲಭ. ಆಪರೇಷನ್ ಥಿಯೇಟರ್ ಬಾಗಿಲಲ್ಲಿ ನಿಂತ ವೈದ್ಯರಿಗೆ ಆ ಮಾತು ಸಾಲದು. ಯೆಹೋವನ ಸಾಕ್ಷಿಗಳು ಅನ್ನೋ ಕ್ರೈಸ್ತ ಪಂಗಡದವರನ್ನೇ ನೋಡಿ. ರಕ್ತ ಹಾಕಿಸಿಕೊಳ್ಳಬಾರದು ಅನ್ನೋದು 1945ರಿಂದ ಅವರ ನಿಲುವು.

ಎಚ್ಚರವಿರುವ, ವಯಸ್ಸಿಗೆ ಬಂದ ವ್ಯಕ್ತಿ "ನನಗೆ ರಕ್ತ ಬೇಡ" ಅಂದರೆ ಅಲ್ಲಿಗೆ ಮುಗಿಯಿತು. ಜೀವ ಹೋಗುವಂತಿದ್ದರೂ ಅಷ್ಟೇ. ದೇಹ ಅವರದು, ನಷ್ಟವೂ ಅವರದೇ. ಆದರೆ ಆ "ಬೇಡ" ನಿಜಕ್ಕೂ ಅವರದೇನಾ? ಎಡವೋದು ಇಲ್ಲೇ. ಗಂಡ, ಅತ್ತೆ, ಸಭೆಯ ಹಿರಿಯರು ಹಾಸಿಗೆ ಸುತ್ತ ನಿಂತಿರುವಾಗ ಕೇಳಿದರೆ ಉತ್ತರ ಕೊಡೋದು ರೋಗಿಯಲ್ಲ, ಆ ಕೋಣೆ. ಎಲ್ಲರನ್ನೂ ಹೊರಗೆ ಕಳಿಸಿ ಕೇಳಬೇಕು. ರಕ್ತ ಕೊಡದಿದ್ದರೆ ಏನಾಗಬಹುದು ಅಂತ ವಿವರಿಸಿ, ಅದನ್ನೇ ಅವರ ಬಾಯಲ್ಲಿ ಹೇಳಿಸಬೇಕು. ಆಮೇಲೆ ಒಂದೊಂದಾಗಿ ಬರೆದುಕೊಳ್ಳಬೇಕು: ಕೆಂಪು ರಕ್ತಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್, ಆಲ್ಬುಮಿನ್ (ಪ್ಲಾಸ್ಮಾದಿಂದ ಬೇರ್ಪಡಿಸಿದ ಒಂದು ಪ್ರೋಟೀನ್), ಶಸ್ತ್ರಚಿಕಿತ್ಸೆಯಲ್ಲಿ ಸೋರಿದ ಸ್ವಂತ ರಕ್ತವನ್ನೇ ಶುದ್ಧ ಮಾಡಿ ಮರಳಿ ಕೊಡೋದು. ಮೊದಲ ಮೂರಕ್ಕೆ ಅವರಲ್ಲಿ ನಿಷೇಧವಿದೆ, ಕೊನೆಯ ಎರಡು ಆಯಾ ವ್ಯಕ್ತಿಯ ಮನಸ್ಸಾಕ್ಷಿಗೆ ಬಿಟ್ಟಿದ್ದು. "ರಕ್ತ ಬೇಡ" ಅಂತ ಒಂದೇ ಸಾಲು ಬರೆದುಕೊಂಡರೆ, ಅವರು ಒಪ್ಪಬಹುದಾಗಿದ್ದ ಚಿಕಿತ್ಸೆಯೂ ತಪ್ಪಿಹೋಗುತ್ತದೆ. ಮೊದಲೇ ಗೊತ್ತಿದ್ದರೆ ಕಬ್ಬಿಣಾಂಶದ ಇಂಜೆಕ್ಷನ್ ಕೊಟ್ಟು ಹಿಮೋಗ್ಲೋಬಿನ್ ಏರಿಸಿಕೊಳ್ಳಲೂ ಸಮಯವಿರುತ್ತದೆ. ಅದು ಡೆಸಿಲೀಟರ್‌ಗೆ 5 ಗ್ರಾಂಗಿಂತ ಕೆಳಗಿಳಿದ ಮೇಲೆ ಉಳಿಯುವ ದಾರಿಗಳು ಬಹಳ ಕಡಿಮೆ.

ಇಷ್ಟರವರೆಗೆ ನಮ್ಮ ಸಹನೆಗೆ ಗಡಿ ಬೇಡ ಅಂತಲೇ ನಾನು ಹೇಳುತ್ತೇನೆ.

ಈಗ ಅದೇ ಹಾಸಿಗೆಯಲ್ಲಿ ನಾಲ್ಕು ವರ್ಷದ ಮಗು ಇದೆ ಅಂದುಕೊಳ್ಳಿ. "ಬೇಡ" ಅನ್ನುತ್ತಿರುವವರು ಅಪ್ಪ-ಅಮ್ಮ. ಅವರ ಪ್ರೀತಿ ಸುಳ್ಳಲ್ಲ, ಸಂಕಟವೂ ಸುಳ್ಳಲ್ಲ. ಆದರೆ ನಂಬಿಕೆ ಅವರದು, ಸಾಯೋದು ಮಗು. ಗಡಿ ಇರೋದು ಇಲ್ಲೇ. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 18ನೇ ವಿಧಿ ಇದನ್ನು ಬಿಡಿಸಿಟ್ಟಿದೆ: ನಂಬುವ ಸ್ವಾತಂತ್ರ್ಯಕ್ಕೆ ಯಾರೂ ಕೈ ಹಾಕುವಂತಿಲ್ಲ, ಆದರೆ ನಂಬಿಕೆಯನ್ನು ಆಚರಣೆಗೆ ತರುವಾಗ ಜನರ ಆರೋಗ್ಯಕ್ಕೆ, ಇತರರ ಮೂಲಭೂತ ಹಕ್ಕುಗಳಿಗೆ ಬೇಕಾದಷ್ಟು ಮಿತಿಯನ್ನು ಕಾನೂನು ಹಾಕಬಹುದು. ಮಗುವೂ ಆ "ಇತರರಲ್ಲಿ" ಒಬ್ಬರು. ಅಮೆರಿಕದ ಸುಪ್ರೀಂ ಕೋರ್ಟ್ 1944ರಲ್ಲೇ ಹೇಳಿತ್ತು, ತಂದೆತಾಯಿ ತಾವು ಹುತಾತ್ಮರಾಗಬಹುದು, ಮಕ್ಕಳನ್ನು ಹುತಾತ್ಮರನ್ನಾಗಿಸುವಂತಿಲ್ಲ ಅಂತ.

ಹದಿನಾರು, ಹದಿನೇಳರ ಮಕ್ಕಳದ್ದೇ ನಿಜವಾದ ಕಷ್ಟ. ಇಂಗ್ಲೆಂಡಿನಲ್ಲಿ 16 ತುಂಬಿದವರು ಚಿಕಿತ್ಸೆಗೆ ತಾವೇ ಒಪ್ಪಿಗೆ ಕೊಡಬಹುದು, ಆದರೆ ಬೇಡ ಅಂದರೆ 18 ತುಂಬುವವರೆಗೆ ಕೋರ್ಟ್ ಅದನ್ನು ಬದಿಗಿಡಬಹುದು. ನನಗೆ ಇದು ಪೂರ್ತಿ ಸಮಾಧಾನ ಕೊಡುವುದಿಲ್ಲ. ಆದರೂ ಒಪ್ಪುತ್ತೇನೆ, ಬದುಕಿದವರು ಆಮೇಲೂ ಅದೇ ನಂಬಿಕೆ ಇಟ್ಟುಕೊಳ್ಳಬಹುದು.

ಸಮಯವಿದ್ದರೆ ಕೋರ್ಟಿಗೆ ಹೋಗಬೇಕು. ನಿಮಿಷ ಎಣಿಸುವ ಸ್ಥಿತಿಯಾದರೆ ಮೊದಲು ರಕ್ತ, ಆಮೇಲೆ ಕಾಗದ. ಕೋರ್ಟಿನ ಆದೇಶ ಆ ಚಿಕಿತ್ಸೆಗೆ ಎಷ್ಟು ಬೇಕೋ ಅಷ್ಟೇ ಇರಬೇಕು. ರಕ್ತದ ಚೀಲ ತೂಗುಹಾಕುವ ಮುನ್ನ ಅಪ್ಪ-ಅಮ್ಮನಿಗೆ ಹೇಳಬೇಕು. ಅವರು ಹಾಸಿಗೆಯ ಪಕ್ಕ ಪ್ರಾರ್ಥನೆಗೆ ಕೂತಿದ್ದರೆ ಅಲ್ಲಿಂದ ಎಬ್ಬಿಸಬಾರದು.